ಕ್ಯಾಂಪರ್ ಒಳಗೆ ನಾಯಿ, ಹೊರಗೆ ನಾವು: ಒಳಗಿನ ಬಿಸಿಯ ಮೇಲೆ ಕಣ್ಣಿಡಲು ಯಾವ ಮಾನಿಟರ್ ಸರಿ?

ಯೂಟಾದ ಝೈಯನ್ ರಾಷ್ಟ್ರೀಯ ಉದ್ಯಾನಕ್ಕೆ ನಾಯಿ ಕರೆದುಕೊಂಡು ಹೋದವರಿಗೆ ಮೊದಲ ದಿನವೇ ಒಂದು ಕಷ್ಟ ಎದುರಾಗುತ್ತದೆ. ಅಲ್ಲಿ ನಾಯಿಗೆ ಅವಕಾಶ ಇರುವುದು ಪಾರೂಸ್ ಎಂಬ ಒಂದೇ ಒಂದು ಟ್ರೇಲ್‌ನಲ್ಲಿ. ಶಟಲ್ ಬಸ್ಸಿಗೂ ಹತ್ತಿಸುವಂತಿಲ್ಲ. ಏಂಜಲ್ಸ್ ಲ್ಯಾಂಡಿಂಗ್ ಹತ್ತಬೇಕು, ನ್ಯಾರೋಸ್‌ನ ನೀರಿನಲ್ಲಿ ನಡೆಯಬೇಕು ಅಂತ ಬಂದವರು ನಾಯಿಯನ್ನು ಕ್ಯಾಂಪರ್‌ನಲ್ಲೇ (ಒಳಗೇ ಉಳಿದುಕೊಳ್ಳಬಹುದಾದ ಗಾಡಿ) ಬಿಟ್ಟು, ಏಸಿ ಹಾಕಿ, ಬೀಗ ಹಾಕಿಕೊಂಡು ಹೊರಡುತ್ತಾರೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಮಾಮೂಲು. ಸೆಲ್ಸಿಯಸ್ ಲೆಕ್ಕದಲ್ಲಿ 38. ಮುಂದೆ ಬರುವ ಡಿಗ್ರಿಗಳೆಲ್ಲ ಫ್ಯಾರನ್‌ಹೀಟೇ. ಹೊರಡುವಾಗ ಏಸಿ ಓಡುತ್ತಿತ್ತು, ಅದು ಗೊತ್ತು. ಎರಡು ಗಂಟೆ ಆದ ಮೇಲೂ ಓಡುತ್ತಿದೆಯಾ? ಅದು ಗೊತ್ತಿರುವುದಿಲ್ಲ.

ಅಮೆರಿಕದಲ್ಲಿ ಟ್ರೇಲರ್, ಮೋಟರ್‌ಹೋಮ್, ವ್ಯಾನ್ ಇಟ್ಟುಕೊಂಡು ಸುತ್ತುವ ಕನ್ನಡದವರು ನಮ್ಮ ಸ್ನೇಹಿತರಲ್ಲೇ ಹಲವರಿದ್ದಾರೆ. ಮನೆಯಲ್ಲಿ ನಾಯಿ ಅಥವಾ ಬೆಕ್ಕು ಇದ್ದರೆ ಅವರು ಕೇಳುವ ಪ್ರಶ್ನೆ ಇದೇ: ದೂರದಿಂದ ತಾಪಮಾನ ನೋಡಲು ಯಾವುದನ್ನು ತಗೋಬೇಕು? ಅಂಗಡಿಯಲ್ಲಿ ನೋಡಿದರೆ ಕಮ್ಮಿ ಬೆಲೆಯ ಪುಟ್ಟ ಸೆನ್ಸರ್‌ನಿಂದ ಹಿಡಿದು ಪ್ರತಿ ತಿಂಗಳು ಚಂದಾ ಕೇಳುವ ಮಾನಿಟರ್‌ವರೆಗೆ ಎಲ್ಲ ಇವೆ. ಎಲ್ಲದರ ಡಬ್ಬಿಯ ಮೇಲೂ ಒಂದು ಖುಷಿಯಾದ ನಾಯಿಯ ಚಿತ್ರ ಇರುತ್ತದೆ.

ನಾನು ಯಾವುದನ್ನು ಕೊಳ್ಳಿ ಅಂತ ಹೇಳುವ ಮುಂಚೆ ನಮಗೆ ಆದದ್ದನ್ನು ಹೇಳಬೇಕು.

ನಮ್ಮ ನಾಯಿ ಕೆಂಚನಿಗೆ ಈಗ ಒಂಬತ್ತು ವರ್ಷ. ನಾಲ್ಕು ವರ್ಷದ ಹಿಂದೆ, ಜುಲೈನಲ್ಲಿ, ಉತ್ತರ ಕ್ಯಾಲಿಫೋರ್ನಿಯಾದ ರೆಡ್ಡಿಂಗ್ ಕಡೆಯ ಒಂದು ಕ್ಯಾಂಪ್‌ಗ್ರೌಂಡ್‌ನಲ್ಲಿ ಅವನನ್ನು ಟ್ರೇಲರ್ ಒಳಗೆ ಬಿಟ್ಟು ಊಟಕ್ಕೆ ಹೋಗಿದ್ದೆವು. ಏಸಿ ಓಡುತ್ತಿತ್ತು. ಒಳಗೆ ಒಂದು ವೈಫೈ ಥರ್ಮಾಮೀಟರ್ ಇತ್ತು. ಊಟದ ಮಧ್ಯೆ ಮೂರು ಸಲ ಆ್ಯಪ್ ತೆರೆದು ನೋಡಿದೆ. ಮೂರು ಸಲವೂ 74 ಡಿಗ್ರಿ. ನೆಮ್ಮದಿಯಾಗಿ ಊಟ ಮುಗಿಸಿ ಬಂದು ಬಾಗಿಲು ತೆಗೆದರೆ ಒಳಗಿನ ಗಾಳಿ ಮುಖಕ್ಕೆ ಹೊಡೆಯಿತು. ಗೋಡೆಯ ಮೇಲಿದ್ದ ಮುಳ್ಳಿನ ಥರ್ಮಾಮೀಟರ್ 93 ತೋರಿಸುತ್ತಿತ್ತು. ಕೆಂಚ ಬಚ್ಚಲಿನ ತಗಡಿನ ಮೇಲೆ ಹೊಟ್ಟೆ ಒತ್ತಿಕೊಂಡು ಮಲಗಿ ಜೋರಾಗಿ ಏದುಸಿರು ಬಿಡುತ್ತಿದ್ದ. ನಾಲಿಗೆ ಉದ್ದಕ್ಕೆ ಬಿದ್ದಿತ್ತು. ನಮ್ಮನ್ನು ನೋಡಿದರೂ ಏಳಲಿಲ್ಲ.

ಮೈಮೇಲೆ ನೀರು ಸುರಿದು, ಕಾರಿನ ಏಸಿ ಎದುರು ಕೂರಿಸಿ, ಪ್ರಾಣಿಗಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಬದುಕಿದ. ಇನ್ನೂ ಅರ್ಧ ಗಂಟೆ ತಡವಾಗಿದ್ದರೆ ಅಂತ ಇವತ್ತಿಗೂ ಒಮ್ಮೊಮ್ಮೆ ರಾತ್ರಿ ಎಚ್ಚರ ಆಗುತ್ತದೆ.

ಆಮೇಲೆ ಕೂತು ನೋಡಿದಾಗ ಕಾರಣ ಗೊತ್ತಾಯಿತು. ನಾವು ನಿಲ್ಲಿಸಿದ್ದ ಜಾಗದಲ್ಲಿ ಕ್ಯಾಂಪರ್‌ಗೆ ಕರೆಂಟ್ ಕೊಡುವ ಗಿಡ್ಡ ಕಂಬದಲ್ಲಿ ಬ್ರೇಕರ್ ಟ್ರಿಪ್ ಆಗಿತ್ತು. ಏಸಿ ನಿಂತಿತು. ಅದೇ ಕರೆಂಟಿಗೆ ಸಿಕ್ಕಿಸಿದ್ದ ವೈಫೈ ರೂಟರ್ ಕೂಡ ನಿಂತಿತು. ಥರ್ಮಾಮೀಟರ್ ಬ್ಯಾಟರಿಯದು, ಅದು ಸರಿಯಾಗೇ ಅಳೆಯುತ್ತಿತ್ತು. ಆದರೆ ಅಳೆದದ್ದನ್ನು ಹೊರಗೆ ಕಳಿಸಲು ದಾರಿ ಇರಲಿಲ್ಲ. ಆ್ಯಪ್‌ನಲ್ಲಿ ಕಂಡ 74 ಕರೆಂಟ್ ಹೋಗುವ ಮುಂಚಿನದು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅದರ ಸಮಯವೂ ಇತ್ತು. ನಾನು ಅಂಕಿ ನೋಡಿದೆ, ಸಮಯ ನೋಡಲಿಲ್ಲ.

ಹಾಗಾಗಿ ಈಗ ಯಾವ ಮಾನಿಟರ್ ನೋಡಿದರೂ ನಾನು ಮೊದಲು ಕೇಳುವುದು ಒಂದೇ. ಕರೆಂಟ್ ಹೋದ ಆ ನಿಮಿಷದಲ್ಲಿ ಇದು ಬದುಕಿರುತ್ತದಾ? ಬದುಕಿದ್ದರೆ ಸುದ್ದಿ ನನಗೆ ಮುಟ್ಟುತ್ತದಾ? ಅರ್ಧ ಡಿಗ್ರಿ ಆಚೆ ಈಚೆ ಅಳೆದರೂ ನಡೆಯುತ್ತದೆ. ಇದು ಮಾತ್ರ ತಪ್ಪಬಾರದು.

ಎಷ್ಟು ನಿಮಿಷ ಇದೆ ನಮ್ಮ ಕೈಯಲ್ಲಿ?

ಬೀಗ ಹಾಕಿದ ಕಾರು ಎಷ್ಟು ಬೇಗ ಕಾಯುತ್ತದೆ ಎಂಬುದನ್ನು ಹವಾಮಾನ ತಜ್ಞ ಜ್ಯಾನ್ ನಲ್ ಮತ್ತು ಸಂಗಡಿಗರು ಅಳೆದು 2005ರಲ್ಲಿ ಪ್ರಕಟಿಸಿದರು. ಹೊರಗೆ 72 ಡಿಗ್ರಿ ಇದ್ದ ಹಿತವಾದ ದಿನವೂ ಒಂದು ಗಂಟೆಯಲ್ಲಿ ಒಳಗೆ ಸುಮಾರು 40 ಡಿಗ್ರಿ ಏರಿತು. ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಸ್ವಲ್ಪ ಇಳಿಸಿಟ್ಟರೂ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. ಕ್ಯಾಂಪರ್ ಕಾರಿಗಿಂತ ದೊಡ್ಡದು, ಗೋಡೆಯಲ್ಲಿ ಸ್ವಲ್ಪ ಇನ್ಸುಲೇಶನ್ ಇರುತ್ತದೆ, ಗಾಜು ಕಮ್ಮಿ. ಆದ್ದರಿಂದ ಸ್ವಲ್ಪ ನಿಧಾನ. ಆದರೆ ಗೋಡೆ ತೆಳು, ಚಾವಣಿ ಪೂರ್ತಿ ಬಿಸಿಲಿಗೆ. ತಡವಾಗಿಯಾದರೂ ಕೊನೆಗೆ ಅದೂ ಅಪಾಯದ ಮಟ್ಟಕ್ಕೆ ಕಾಯುತ್ತದೆ.

ನಿಮ್ಮ ಕ್ಯಾಂಪರ್‌ನ ಲೆಕ್ಕ ನಿಮಗೆ ಬೇರೆ ಯಾರೂ ಹೇಳಲಾರರು. ನೀವೇ ಅಳೆಯಬೇಕು, ಅದು ಸುಲಭ. ಒಂದು ಬಿಸಿ ಮಧ್ಯಾಹ್ನ, ನಾಯಿಯನ್ನು ಹೊರಗೆ ನೆರಳಿನಲ್ಲಿ ಕೂರಿಸಿ, ಒಳಗೆ 74 ಇರುವಾಗ ಏಸಿ ಆಫ್ ಮಾಡಿ, ಬಾಗಿಲು ಮುಚ್ಚಿ. 85 ಆಗಲು ಎಷ್ಟು ನಿಮಿಷ ಬೇಕಾಯಿತು ಅಂತ ಬರೆದಿಟ್ಟುಕೊಳ್ಳಿ. ನಮ್ಮ 22 ಅಡಿಯ ಟ್ರೇಲರ್‌ನಲ್ಲಿ, ಹೊರಗೆ 98 ಇದ್ದ ದಿನ, ನೆರಳಿಲ್ಲದ ಜಾಗದಲ್ಲಿ ಅದು 26 ನಿಮಿಷ. ಮರದ ಕೆಳಗೆ ಇನ್ನೊಂದು ದಿನ ಅಳೆದಾಗ ಮುಕ್ಕಾಲು ಗಂಟೆ ಹತ್ತಿರ ಬಂತು. ಈ ಅಂಕಿ ಗೊತ್ತಾದ ಮೇಲೆ ಮಾನಿಟರ್ ಆರಿಸುವುದು ತುಂಬಾ ಸುಲಭ ಆಗುತ್ತದೆ. ಎಚ್ಚರಿಕೆ ಹೊರಡಲು ಎಷ್ಟು ಹೊತ್ತು, ಫೋನಿಗೆ ಬರಲು ಎಷ್ಟು ಹೊತ್ತು, ನೀವು ವಾಪಸ್ ಬರಲು ಎಷ್ಟು ಹೊತ್ತು. ಮೂರೂ ಸೇರಿ ಆ 26ರ ಒಳಗಿರಬೇಕು.

ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ. 105 ದಾಟಿದರೆ ಅಪಾಯ ಶುರು. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಬಿಸಿ ಕಳೆದುಕೊಳ್ಳಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಏದುಸಿರು ಬಿಟ್ಟರೂ ಪ್ರಯೋಜನ ಕಮ್ಮಿ. ಅದಕ್ಕೇ ಫ್ಲೋರಿಡಾ, ಟೆಕ್ಸಸ್ ಕರಾವಳಿ ಕಡೆ ಹೋಗುವವರು ತೇವಾಂಶವನ್ನೂ ತೋರಿಸುವ ಸೆನ್ಸರನ್ನೇ ಕೊಳ್ಳಿ. ಪಗ್, ಬುಲ್‌ಡಾಗ್ ತರಹದ ಚಪ್ಪಟೆ ಮೂಗಿನ ನಾಯಿ, ವಯಸ್ಸಾದ ನಾಯಿ, ದಪ್ಪ ನಾಯಿ ಇದ್ದರೆ ಮೇಲಿನ ಲೆಕ್ಕವನ್ನು ಇನ್ನೂ ಬಿಗಿ ಮಾಡಿ.

ಅಮ್ಮ ಅರಸೀಕೆರೆಯಿಂದ ಬಂದಿದ್ದಾಗ ಈ ಸೆನ್ಸರ್‌ಗಳನ್ನೆಲ್ಲ ಟೇಬಲ್ ಮೇಲೆ ಹರಡಿಕೊಂಡು ಕೂತಿದ್ದೆ. ಇದೆಲ್ಲ ಯಾಕೆ ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ನಮ್ಮ ಹಳೇ ನಾಯಿ ಬೇಸಿಗೇಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಹಸಿ ಮಣ್ಣು ಕೆರೆದು ಗುಂಡಿ ಮಾಡ್ಕೊಂಡು ಮಲಗ್ತಿತ್ತು ಕಣೋ. ಇವನಿಗೆ ಕೆರೆಯೋಕೆ ಮಣ್ಣಿಲ್ಲ, ಬಾಗಿಲು ತೆಗೆಯೋಕೆ ಬರಲ್ಲ. ನೀನೇ ನೋಡ್ಕೋಬೇಕು." ಕೆಂಚ ಅವತ್ತು ಬಚ್ಚಲಿನ ತಗಡು ಹುಡುಕಿಕೊಂಡು ಹೋಗಿದ್ದು ಅದೇ ಬುದ್ಧಿಯಿಂದ. ಅದಕ್ಕಿಂತ ತಂಪಾದ ಜಾಗ ಆ ಟ್ರೇಲರ್‌ನಲ್ಲಿ ಇರಲಿಲ್ಲ.

ಬ್ಲೂಟೂತ್ ಸೆನ್ಸರ್: ಒಂದೇ ಮಾತಿನಲ್ಲಿ

ಬರೀ ಬ್ಲೂಟೂತ್ ಇರುವ ಸೆನ್ಸರ್ ಈ ಕೆಲಸಕ್ಕೆ ಬೇಡ. ಕ್ಯಾಂಪರ್ ಹತ್ತಿರ ಇರುವಾಗ ಮಾತ್ರ ಫೋನಿಗೆ ಸಿಗುತ್ತದೆ. ಸೆನ್ಸರ್‌ಪುಶ್ ತರಹದವು ಅಳತೆಯಲ್ಲಿ ಬಹಳ ಚೆನ್ನಾಗಿವೆ, ಆದರೆ ದೂರದಿಂದ ನೋಡಲು ಅವರದೇ ವೈಫೈ ಗೇಟ್‌ವೇ (ಅಳತೆಯನ್ನು ಇಂಟರ್ನೆಟ್‌ಗೆ ಕಳಿಸುವ ಡಬ್ಬಿ) ಬೇರೆ ಕೊಳ್ಳಬೇಕು. ಕೊಂಡರೆ ಅದು ಮುಂದೆ ಹೇಳುವ ವೈಫೈ ಗುಂಪಿಗೇ ಸೇರುತ್ತದೆ.

ವೈಫೈ ಸೆನ್ಸರ್: ಕಮ್ಮಿ ಖರ್ಚು, ಜಾಸ್ತಿ ಜವಾಬ್ದಾರಿ

ಗೋವೀ, ಟೆಂಪ್ ಸ್ಟಿಕ್ ಮೊದಲಾದವು ಈ ಗುಂಪಿನವು. ಗೋವೀ ಅಗ್ಗ. ಟೆಂಪ್ ಸ್ಟಿಕ್ ಬೆಲೆ ಅದಕ್ಕಿಂತ ಎಷ್ಟೋ ಜಾಸ್ತಿ, ಎರಡು ಎಎ ಬ್ಯಾಟರಿಯಲ್ಲಿ ಓಡುತ್ತದೆ, ತಿಂಗಳ ಚಂದಾ ಇಲ್ಲ. ಎರಡೂ ತಮ್ಮ ಕೆಲಸ ಸರಿಯಾಗಿ ಮಾಡುತ್ತವೆ. ತೊಂದರೆ ಇರುವುದು ಅವು ನಂಬಿಕೊಂಡಿರುವ ವೈಫೈನಲ್ಲಿ.

ಕ್ಯಾಂಪ್‌ಗ್ರೌಂಡ್‌ನವರು ಕೊಡುವ ಉಚಿತ ವೈಫೈ ನಂಬಿಕೊಂಡು ಇದನ್ನು ಕೊಳ್ಳಬೇಡಿ. ಅಲ್ಲಿ ಸಾಮಾನ್ಯವಾಗಿ ಬ್ರೌಸರ್ ತೆರೆದು ಒಂದು ಪುಟದಲ್ಲಿ ಒಪ್ಪಿಗೆ ಒತ್ತಬೇಕಾಗುತ್ತದೆ. ಸೆನ್ಸರ್‌ಗೆ ಬ್ರೌಸರ್ ಇಲ್ಲ, ಒತ್ತಲು ಬೆರಳಿಲ್ಲ. ಇನ್ನೊಂದು, ಇಂಥ ಸೆನ್ಸರ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ನಿಮ್ಮ ರೂಟರ್ 5 ಗಿಗಾಹರ್ಟ್ಸ್ ಮಾತ್ರ ಬಿಡುತ್ತಿದ್ದರೆ ಅವುಗಳಿಗೆ ಅದು ಕಾಣುವುದೇ ಇಲ್ಲ. ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೂಡ ಆಗುವುದಿಲ್ಲ. ಫೋನ್ ನಿಮ್ಮ ಜೇಬಿನಲ್ಲಿ ಹೊರಟುಹೋಗುತ್ತದೆ, ಅಲ್ವಾ?

ಹಾಗಾಗಿ ವೈಫೈ ದಾರಿ ಹಿಡಿದರೆ ಕ್ಯಾಂಪರ್‌ನಲ್ಲೇ ಉಳಿಯುವ, ಸ್ವಂತ ಸಿಮ್ ಇರುವ ಹಾಟ್‌ಸ್ಪಾಟ್ ಅಥವಾ ರೂಟರ್ ಬೇಕು. ಮತ್ತು ಅದು ಕ್ಯಾಂಪರ್‌ನ 12 ವೋಲ್ಟ್ ಬ್ಯಾಟರಿಯಿಂದ ಓಡಬೇಕು, ಕಂಬದಿಂದ ಬರುವ ಕರೆಂಟಿನಿಂದ ಅಲ್ಲ. ನಾನು ಎಡವಿದ್ದು ಇಲ್ಲೇ. ಈಗ ನಮ್ಮ ರೂಟರಿನ ವಯರು ನೇರ 12 ವೋಲ್ಟ್ ಫ್ಯೂಸ್ ಪೆಟ್ಟಿಗೆಗೆ ಹೋಗುತ್ತದೆ. ಕಂಬದ ಕರೆಂಟ್ ಹೋದರೂ ಅದಕ್ಕೆ ಗೊತ್ತೇ ಆಗುವುದಿಲ್ಲ.

ಇಷ್ಟು ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ಬ್ಯಾಟರಿ ಸೆನ್ಸರ್‌ಗೆ ಕರೆಂಟ್ ಹೋದದ್ದು ಗೊತ್ತಾಗುವುದಿಲ್ಲ. ಒಳಗೆ ಬಿಸಿ ಏರಿದ ಮೇಲೇ ಅದು ಕೂಗುವುದು. ಅಷ್ಟರಲ್ಲಿ ನಿಮ್ಮ 26 ನಿಮಿಷದಲ್ಲಿ ಹತ್ತು ಹೋಗಿರುತ್ತದೆ. ಜೊತೆಗೆ ಬ್ಯಾಟರಿ ಉಳಿಸಲು ಇವು ಮಧ್ಯೆ ಮಧ್ಯೆ ನಿದ್ದೆ ಮಾಡುತ್ತವೆ, ಎಷ್ಟೋ ನಿಮಿಷಕ್ಕೊಮ್ಮೆ ಎದ್ದು ವರದಿ ಕಳಿಸುತ್ತವೆ. ಕಂಪನಿಯಿಂದ ಬಂದ ಹಾಗೇ ಬಿಟ್ಟರೆ ಆ ಬಿಡುವು ಬಹಳ ದೊಡ್ಡದಿರಬಹುದು. ಆ್ಯಪ್‌ನಲ್ಲಿ ಹುಡುಕಿ ಸಾಧ್ಯವಿರುವಷ್ಟು ಕಮ್ಮಿ ಮಾಡಿ. ಬ್ಯಾಟರಿ ಬೇಗ ಖಾಲಿ ಆಗುತ್ತದೆ, ಆಗಲಿ.

ಒಳಗೇ ಸಿಮ್ ಇರುವ ಮಾನಿಟರ್: ನನ್ನ ಮೊದಲ ಆಯ್ಕೆ

ವ್ಯಾಗಲ್, ಮಾರ್ಸೆಲ್ ಈ ಜಾತಿಯವು. ಇವುಗಳಿಗೆ ವೈಫೈ ಬೇಡ. ಒಳಗಿರುವ ಸಿಮ್‌ನಿಂದ ಮೊಬೈಲ್ ಟವರ್ ಜೊತೆ ನೇರ ಮಾತಾಡುತ್ತವೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಡಬೇಕು, ಒಳಗೆ ಬ್ಯಾಟರಿಯೂ ಇರುತ್ತದೆ. ಇದರ ಲಾಭ ಇಲ್ಲೇ ಇದೆ. ಪ್ಲಗ್ಗಿನಲ್ಲಿ ಕರೆಂಟ್ ನಿಂತ ತಕ್ಷಣ ಅದು ಬ್ಯಾಟರಿಗೆ ಜಾರಿ, "ಕರೆಂಟ್ ಹೋಗಿದೆ" ಅಂತ ನಿಮಗೆ ಸಂದೇಶ ಕಳಿಸುತ್ತದೆ. ಒಳಗೆ ಇನ್ನೂ 74 ಇರುವಾಗಲೇ. ಪೂರ್ತಿ 26 ನಿಮಿಷ ನಿಮ್ಮ ಕೈಗೆ ಬರುತ್ತದೆ.

ಒಂದು ಎಚ್ಚರ. ಇನ್ವರ್ಟರ್ ಇರುವ ಕ್ಯಾಂಪರ್‌ನಲ್ಲಿ ಕೆಲವು ಪ್ಲಗ್‌ಗಳು ಇನ್ವರ್ಟರ್ ಮೂಲಕ ಬರುತ್ತವೆ. ಕಂಬದ ಕರೆಂಟ್ ಹೋದರೂ ಆ ಪ್ಲಗ್ಗಿನಲ್ಲಿ ಕರೆಂಟ್ ಇರುತ್ತದೆ, ಏಸಿ ಮಾತ್ರ ನಿಂತಿರುತ್ತದೆ. ಮಾನಿಟರನ್ನು ಅಂಥ ಪ್ಲಗ್ಗಿಗೆ ಸಿಕ್ಕಿಸಿದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಇನ್ವರ್ಟರ್‌ಗೆ ಸೇರದ ಪ್ಲಗ್ ಹುಡುಕಿ ಅದಕ್ಕೇ ಹಾಕಿ. ಹೊರಗಿನ ಬ್ರೇಕರ್ ಇಳಿಸಿ ಒಮ್ಮೆ ಪರೀಕ್ಷೆ ಮಾಡಿ.

ವ್ಯಾಗಲ್ ಮೆಸೇಜು, ಈಮೇಲ್ ಕಳಿಸುತ್ತದೆ. ಮಾರ್ಸೆಲ್ ಅದರ ಜೊತೆಗೆ ಫೋನ್ ಕರೆಯನ್ನೂ ಮಾಡುತ್ತದೆ. ನನಗೆ ಈ ಕರೆ ದೊಡ್ಡ ವಿಷಯ. ದೇವಸ್ಥಾನದಲ್ಲೋ ಹೋಟೆಲಿನಲ್ಲೋ ಮೆಸೇಜಿನ ಸದ್ದು ಕಿವಿಗೆ ಬೀಳುವುದಿಲ್ಲ. ಫೋನ್ ರಿಂಗ್ ಆಗುತ್ತಲೇ ಇದ್ದರೆ ತೆಗೆದು ನೋಡುತ್ತೇವೆ.

ಖರ್ಚು? ಇದಕ್ಕೆ ತಿಂಗಳ ಅಥವಾ ವರ್ಷದ ಚಂದಾ ಬೀಳುತ್ತದೆ, ತಪ್ಪಿಸಲಾಗದು. ವರ್ಷಕ್ಕೆ ನಾಲ್ಕೇ ಸಲ ಹೋಗುವವರು ತಿಂಗಳ ಚಂದಾ ನಿಲ್ಲಿಸಿ ಮತ್ತೆ ಶುರು ಮಾಡಲು ಆಗುತ್ತದಾ ಅಂತ ಕೊಳ್ಳುವ ಮುಂಚೆ ಕೇಳಿ. ಒಳಗಿನ ಸಿಮ್ ಯಾವ ಕಂಪನಿಯದು ಅಂತಲೂ ನೋಡಿ. ವೆರೈಝನ್, ಎಟಿ ಅಂಡ್ ಟಿ, ಟಿ-ಮೊಬೈಲ್ ಮೂರೂ ಎಲ್ಲ ಕಡೆ ಒಂದೇ ಸಮ ಸಿಗುವುದಿಲ್ಲ. ನೀವು ಜಾಸ್ತಿ ಹೋಗುವ ಜಾಗಗಳಲ್ಲಿ ಯಾವುದು ಸಿಗುತ್ತದೋ ಆ ನೆಟ್‌ವರ್ಕಿನ ಮಾನಿಟರ್ ಬೇಕು.

ಹಳೆಯದನ್ನು ಕಮ್ಮಿ ಬೆಲೆಗೆ ಕೊಳ್ಳುವವರು ಇನ್ನೊಂದು ನೋಡಬೇಕು. ಅಮೆರಿಕದಲ್ಲಿ ಮೂರೂ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ನಿಲ್ಲಿಸಿದವು. ಆಗಿನ 3ಜಿ ಮಾನಿಟರ್‌ಗಳು ಇನ್ನೂ ಹಳೇ ಸಾಮಾನಿನ ಮಾರಾಟಕ್ಕೆ ಬರುತ್ತಿರುತ್ತವೆ. ಮನೆಗೆ ತಂದರೆ ಅದು ಬರೀ ಡಬ್ಬಿ. 4ಜಿ ಅಂತ ಖಚಿತ ಆಗದೆ ಕೊಳ್ಳಬೇಡಿ.

ಲೋರಾ ಹಬ್, ಕ್ಯಾಮೆರಾ, ಮತ್ತು ಸೋಲಾರ್ ಇದ್ದವರಿಗೆ ಒಂದು ದಾರಿ

ಯೋಲಿಂಕ್ ಎಂಬುದು ಲೋರಾ ಎಂಬ ರೇಡಿಯೋ ವಿಧಾನದಲ್ಲಿ ಕೆಲಸ ಮಾಡುತ್ತದೆ. ಸೆನ್ಸರ್ ಮತ್ತು ಅದರ ಸುದ್ದಿ ಹಿಡಿಯುವ ಡಬ್ಬಿ, ಅಂದರೆ ಹಬ್, ನಡುವೆ ಬಹಳ ದೂರ ಇದ್ದರೂ ನಡೆಯುತ್ತದೆ, ಆದರೆ ಹಬ್‌ಗೆ ಕೊನೆಗೂ ಇಂಟರ್ನೆಟ್ ಬೇಕು. ಹಾಗಾಗಿ ವೈಫೈ ಗುಂಪಿನ ಷರತ್ತುಗಳೆಲ್ಲ ಇದಕ್ಕೂ ಅನ್ವಯ. ನನಗೆ ಇಷ್ಟವಾದ ಗುಣ ಬೇರೆ. ಇದರ ಸೆನ್ಸರನ್ನು ಅವರದೇ ಸೈರನ್‌ಗೆ ನೇರ ಜೋಡಿಸಬಹುದು, ನಡುವೆ ಇಂಟರ್ನೆಟ್ ಇಲ್ಲದಿದ್ದರೂ ಕೂಗುತ್ತದೆ. ಸಿಗ್ನಲ್ ಇಲ್ಲದ ಜಾಗದಲ್ಲಿ ಅಕ್ಕಪಕ್ಕದ ಕ್ಯಾಂಪಿನವರಿಗಾದರೂ ಕೇಳುತ್ತದೆ.

ಕ್ಯಾಮೆರಾದಿಂದ ನಾಯಿ ಹೇಗಿದೆ ಅಂತ ಕಣ್ಣಾರೆ ಕಾಣುತ್ತದೆ. ಏದುಸಿರು ಬಿಡುತ್ತಿದೆಯಾ, ಬಾಗಿಲ ಹತ್ತಿರ ಚಡಪಡಿಸುತ್ತಿದೆಯಾ, ಆರಾಮಾಗಿ ಮಲಗಿದೆಯಾ. ಯಾವ ಅಂಕಿಯೂ ಇದನ್ನು ಹೇಳುವುದಿಲ್ಲ. ಕ್ಯಾಮೆರಾ ಎದುರು ದೊಡ್ಡ ಮುಳ್ಳಿನ ಥರ್ಮಾಮೀಟರ್ ತೂಗಿಹಾಕಿದರೆ ಎರಡನೇ ಅಳತೆಯೂ ಸಿಕ್ಕಿತು. ಆದರೆ ನೀವಾಗಿ ತೆರೆದು ನೋಡಿದರೆ ಮಾತ್ರ ಅದು ಹೇಳುತ್ತದೆ. ಡೇಟಾ ಕೂಡ ಜಾಸ್ತಿ ತಿನ್ನುತ್ತದೆ. ಕ್ಯಾಮೆರಾ ಜೊತೆಗಿರಲಿ, ಕ್ಯಾಮೆರಾ ಒಂದೇ ಬೇಡ.

ಸೋಲಾರ್, ದೊಡ್ಡ ಲಿಥಿಯಂ ಬ್ಯಾಟರಿ ಹಾಕಿಸಿಕೊಂಡವರಲ್ಲಿ ಹಲವರ ಹತ್ತಿರ ವಿಕ್ಟ್ರಾನ್ ಕಂಪನಿಯ ಸರ್ಬೋ ಜಿಎಕ್ಸ್ ಎಂಬ, ಬ್ಯಾಟರಿ ಮತ್ತು ಸೋಲಾರ್ ಮೇಲೆ ಕಣ್ಣಿಡುವ ಪೆಟ್ಟಿಗೆ ಇರುತ್ತದೆ. ಅದಕ್ಕೆ ಫಿನ್ಲೆಂಡಿನ ರೂವಿಟ್ಯಾಗ್ ಎಂಬ ಪುಟ್ಟ ಸೆನ್ಸರ್ ಬ್ಲೂಟೂತ್‌ನಲ್ಲಿ ಸೇರುತ್ತದೆ. ಬ್ಯಾಟರಿ ಎಷ್ಟಿದೆ, ಕಂಬದಿಂದ ಕರೆಂಟ್ ಬರುತ್ತಿದೆಯಾ, ಒಳಗೆ ಎಷ್ಟು ಬಿಸಿ ಎಂಬ ಮೂರನ್ನೂ ಒಂದೇ ಕಡೆ ದೂರದಿಂದ ನೋಡಬಹುದು. ಈಗಾಗಲೇ ಇದ್ದವರಿಗೆ ಇದು ಬಹಳ ಒಳ್ಳೆಯ ದಾರಿ. ಇದಕ್ಕಾಗೇ ಹೊಸದಾಗಿ ಹಾಕಿಸುವ ಅಗತ್ಯ ಇಲ್ಲ.

ಸಿಗ್ನಲ್ ಎರಡು ತುದಿಯಲ್ಲೂ ಬೇಕು

ಮೊದಲು ಹೇಳಿದ ಝೈಯನ್‌ಗೆ ವಾಪಸ್ ಹೋಗೋಣ. ಕ್ಯಾಂಪರ್‌ನಲ್ಲಿ ಒಳ್ಳೆಯ ಮಾನಿಟರ್ ಇದೆ, ಅಲ್ಲಿ ಸಿಗ್ನಲ್ ಇದೆ, ಕರೆಂಟ್ ಹೋದ ತಕ್ಷಣ ಸಂದೇಶ ಹೊರಟಿತು. ನೀವು ನ್ಯಾರೋಸ್‌ನಲ್ಲಿ ಎರಡು ಕಡಿದಾದ ಬಂಡೆಗಳ ನಡುವೆ ಮೊಣಕಾಲು ನೀರಿನಲ್ಲಿದ್ದೀರಿ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಸಂದೇಶ ನಿಮಗೆ ಸಿಗುವುದು ಸಂಜೆ ಊರಿಗೆ ಇಳಿದಾಗ.

ಇದಕ್ಕೆ ಯಾವ ಮಾನಿಟರೂ ಮದ್ದಲ್ಲ. ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಮಿನಿಯನ್ನು 12 ವೋಲ್ಟ್‌ನಲ್ಲೇ ಓಡಿಸಬಹುದು, ಸಾಮಾನ್ಯವಾಗಿ 25ರಿಂದ 40 ವಾಟ್ ಎಳೆಯುತ್ತದೆ. ಮೇಲೆ ಆಕಾಶ ತೆರೆದಿದ್ದರೆ ಟವರ್ ಇಲ್ಲದ ಕಡೆಯೂ ಕ್ಯಾಂಪರ್‌ಗೆ ಇಂಟರ್ನೆಟ್ ಸಿಗುತ್ತದೆ. ಅದು ಒಂದು ತುದಿ ಮಾತ್ರ. ನಿಮ್ಮ ಜೇಬಿನ ತುದಿ ಹಾಗೇ ಉಳಿಯುತ್ತದೆ. ನಾವು ಮಾಡುವುದು ಇಷ್ಟು: ಇಬ್ಬರಲ್ಲಿ ಒಬ್ಬರು ಸಿಗ್ನಲ್ ಇರುವ ಕಡೆ, ಕ್ಯಾಂಪರ್‌ಗೆ ಹದಿನೈದು ನಿಮಿಷದ ಒಳಗೆ ಉಳಿಯುತ್ತೇವೆ. ಇನ್ನೊಬ್ಬರು ನಡೆಯುತ್ತಾರೆ. ಮರುದಿನ ಅದಲು ಬದಲು. ಇಬ್ಬರೂ ಹೋಗಲೇಬೇಕಾದರೆ ನಾಯಿಗೆ ಕೆನಲ್ (ನಾಯಿಯನ್ನು ನೋಡಿಕೊಳ್ಳಲು ಬಿಟ್ಟುಹೋಗುವ ಜಾಗ) ಇರುವ ಕಡೆ ಹೋಗುತ್ತೇವೆ. ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್‌ನಲ್ಲಿ ಉದ್ಯಾನದ ಒಳಗೇ ಕೆನಲ್ ಇದೆ. ಕಣಿವೆಯೊಳಗೆ ಇಳಿಯುವ ದಾರಿಗಳಲ್ಲಿ ಅಲ್ಲೂ ನಾಯಿಗೆ ಅವಕಾಶ ಇಲ್ಲ.

ಫೋನ್ ಸೈಲೆಂಟ್‌ನಲ್ಲಿದ್ದರೂ ಅದೇ ಕಥೆ. ಐಫೋನ್‌ನಲ್ಲಿ ಮಾನಿಟರ್ ಯಾವ ನಂಬರಿನಿಂದ ಕರೆ ಅಥವಾ ಮೆಸೇಜ್ ಕಳಿಸುತ್ತದೋ ಅದನ್ನು ಕಾಂಟ್ಯಾಕ್ಟ್ ಆಗಿ ಉಳಿಸಿ, ರಿಂಗ್‌ಟೋನ್ ಮತ್ತು ಟೆಕ್ಸ್ಟ್ ಟೋನ್ ಎರಡರಲ್ಲೂ ಎಮರ್ಜೆನ್ಸಿ ಬೈಪಾಸ್ ಆನ್ ಮಾಡಿ. ಸೈಲೆಂಟ್‌ನಲ್ಲಿದ್ದರೂ ಸದ್ದು ಮಾಡುತ್ತದೆ. ಆಂಡ್ರಾಯ್ಡ್‌ನಲ್ಲಿ ಆ ನಂಬರಿಗೆ ಸ್ಟಾರ್ ಹಾಕಿ, ಡು ನಾಟ್ ಡಿಸ್ಟರ್ಬ್‌ನಲ್ಲಿ ಅದಕ್ಕೆ ಅನುಮತಿ ಕೊಡಿ. ಬರೀ ಆ್ಯಪ್ ನೋಟಿಫಿಕೇಶನ್ ನಂಬಿ ಕೂರಬೇಡಿ.

ಎಲ್ಲಿಡಬೇಕು, ಎಷ್ಟಕ್ಕೆ ಕೂಗಬೇಕು

ಸೆನ್ಸರನ್ನು ನಾಯಿ ಮಲಗುವ ಎತ್ತರದಲ್ಲಿಡಿ. ಏಸಿ ಗಾಳಿ ನೇರ ಬೀಳುವ ಕಡೆ ಬೇಡ, ಕಿಟಕಿಯ ಬಿಸಿಲೂ ಬೇಡ. ಕೆಂಚ ಮೊದಲ ಸೆನ್ಸರನ್ನು ಕಚ್ಚಿ ಹಾಕಿದ್ದರಿಂದ ನಾವು ಸೋಫಾದ ಪಕ್ಕದ ಗೋಡೆಗೆ ಒಂದು ಜಾಲರಿ ಬಡಿದು ಅದರೊಳಗೆ ಇಟ್ಟಿದ್ದೇವೆ.

ಏಸಿ 73ಕ್ಕೆ ಇಟ್ಟರೆ ಎಚ್ಚರಿಕೆಯನ್ನು 79ಕ್ಕೆ ಇಡುತ್ತೇವೆ. 85, 90 ಅಂತ ಇಟ್ಟರೆ ಇರುವ ನಿಮಿಷಗಳನ್ನು ನಾವೇ ಬಿಟ್ಟುಕೊಟ್ಟ ಹಾಗೆ. ತೀರಾ ಹತ್ತಿರ ಇಟ್ಟರೆ ಸುಮ್ಮಸುಮ್ಮನೆ ಕೂಗಿ, ಕೊನೆಗೆ ನಾವು ಅದನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಡುತ್ತೇವೆ. ಚಳಿಗಾಲದಲ್ಲಿ ಕೆಳಗಿನ ಮಿತಿಯನ್ನೂ ಇಡಿ. ಪ್ರೊಪೇನ್ ಖಾಲಿಯಾಗಿ ಹೀಟರ್ ನಿಂತದ್ದು ಅದರಿಂದ ಗೊತ್ತಾಗುತ್ತದೆ. ಆ್ಯಪ್‌ನಲ್ಲಿ "ಸೆನ್ಸರ್ ಸಂಪರ್ಕ ತಪ್ಪಿದರೆ ತಿಳಿಸು" ಎಂಬ ಆಯ್ಕೆ ಇದ್ದರೆ ಅದನ್ನು ಮೊದಲು ಆನ್ ಮಾಡಿ. ಆ ಆಯ್ಕೆ ಇಲ್ಲದ ಸೆನ್ಸರ್ ಎಷ್ಟು ಅಗ್ಗವಾದರೂ ಬೇಡ. ಅವತ್ತು ನನ್ನ ಆ್ಯಪ್‌ನಲ್ಲಿ ಅದೊಂದು ಇದ್ದಿದ್ದರೆ ಊಟ ಅರ್ಧಕ್ಕೆ ಬಿಟ್ಟು ಓಡಿ ಬರುತ್ತಿದ್ದೆ.

ಕರೆಂಟ್ ಹೋಗದ ಹಾಗೆ ನೋಡಿಕೊಳ್ಳುವುದೂ ಈ ಲೆಕ್ಕಕ್ಕೇ ಸೇರುತ್ತದೆ. 30 ಆಂಪ್ ಕಂಬ ಅಂದರೆ 120 ವೋಲ್ಟ್‌ನಲ್ಲಿ ಒಟ್ಟು 3600 ವಾಟ್. ಏಸಿ ಒಂದೇ ಅದರಲ್ಲಿ ಹತ್ತಿರ ಹತ್ತಿರ ಅರ್ಧ ತಿನ್ನುತ್ತದೆ. ಕರೆಂಟಿನ ವಾಟರ್ ಹೀಟರ್ ಆನ್ ಇದ್ದು, ಅದರ ಮೇಲೆ ಇನ್ನೊಂದು ಏನಾದರೂ ಶುರುವಾದರೆ ಬ್ರೇಕರ್ ಬಿತ್ತು. ಹೊರಡುವ ಮುಂಚೆ ವಾಟರ್ ಹೀಟರನ್ನು ಗ್ಯಾಸಿಗೆ ಬದಲಿಸಿ ಅಥವಾ ಆಫ್ ಮಾಡಿ. ಬಿಸಿ ಮಧ್ಯಾಹ್ನ ಎಲ್ಲರ ಏಸಿ ಒಟ್ಟಿಗೆ ಓಡುವಾಗ ಕ್ಯಾಂಪ್‌ಗ್ರೌಂಡಿನ ವೋಲ್ಟೇಜು ಇಳಿಯುತ್ತದೆ. ಕರೆಂಟಿನ ಏರಿಳಿತದಿಂದ ಕಾಪಾಡುವ ಸರ್ಜ್ ಪ್ರೊಟೆಕ್ಟರ್‌ಗಳಲ್ಲಿ, ವೋಲ್ಟೇಜು ಸುಮಾರು 104ಕ್ಕಿಂತ ಕೆಳಗೆ ಹೋದರೆ ತಾನೇ ಕರೆಂಟ್ ಕಡಿದುಬಿಡುವ ಮಾದರಿಗಳಿವೆ. ಏಸಿ ಕಾಪಾಡಲು ಅದು ಸರಿ. ಆದರೆ ಒಳಗೆ ನಾಯಿ ಇದೆ ಅಂತ ಅದಕ್ಕೆ ಗೊತ್ತಿಲ್ಲ.

ಚಾವಣಿಯ 12 ವೋಲ್ಟ್ ಫ್ಯಾನ್‌ನಲ್ಲಿ ಥರ್ಮೋಸ್ಟ್ಯಾಟ್ ಇರುವ ಮಾದರಿ ಹಾಕಿಸಿದರೆ ಕಂಬದ ಕರೆಂಟ್ ಹೋದಾಗ ಅದು ಬ್ಯಾಟರಿಯಲ್ಲಿ ಓಡುತ್ತದೆ. ಹೊರಗಿನ ಗಾಳಿಗಿಂತ ತಂಪು ಮಾಡಲು ಅದರಿಂದ ಆಗದು, ಆದರೂ ಒಳಗಿನ ಬಿಸಿ ಏರುವುದನ್ನು ನಿಧಾನ ಮಾಡುತ್ತದೆ. ದೊಡ್ಡ ಮೋಟರ್‌ಹೋಮ್‌ಗಳಲ್ಲಿ ಕರೆಂಟ್ ಹೋದಾಗ ಜನರೇಟರ್ ತಾನೇ ಶುರುವಾಗುವ ವ್ಯವಸ್ಥೆ ಇರುತ್ತದೆ. ಇದ್ದರೆ ಬಹಳ ಒಳ್ಳೆಯದು, ಆದರೆ ಕಾರ್ಬನ್ ಮಾನಾಕ್ಸೈಡ್ ಡಿಟೆಕ್ಟರ್ ಸರಿಯಾಗಿದೆಯಾ ನೋಡಿ.

ಹಾಗಾದರೆ ಯಾರಿಗೆ ಯಾವುದು?

ಹುಕಪ್ (ಕ್ಯಾಂಪರ್‌ಗೆ ಕರೆಂಟ್, ನೀರಿನ ಜೋಡಣೆ) ಇರುವ ಕ್ಯಾಂಪ್‌ಗ್ರೌಂಡ್‌ಗಳಿಗೇ ಹೋಗಿ, ಊರಿನ ಹತ್ತಿರವೇ ಇರುವವರು ಸಿಮ್ ಇರುವ ಮಾನಿಟರ್ ಕೊಳ್ಳಿ. ಯೋಚನೆಯೇ ಬೇಡ. ಕ್ಯಾಂಪರ್‌ನಲ್ಲಿ ಕೂತೇ ಆಫೀಸ್ ಕೆಲಸ ಮಾಡುವವರ ಹತ್ತಿರ ಹೇಗೂ 12 ವೋಲ್ಟ್ ರೂಟರ್ ಇರುತ್ತದೆ. ಅವರು ಒಂದು ವೈಫೈ ಸೆನ್ಸರ್ ಜೊತೆಗೆ ಕರೆಂಟ್ ಹೋದರೆ ತಿಳಿಸುವ ಪ್ಲಗ್ ಸೆನ್ಸರ್ ಸೇರಿಸಿದರೆ ಸಾಕು. ದುಡ್ಡು ಬಿಗಿ ಇರುವವರು ಸೆನ್ಸರ್‌ಗೆ ಕಮ್ಮಿ ಖರ್ಚು ಮಾಡಿ, ಉಳಿದದ್ದನ್ನು ರೂಟರಿನ ವಯರಿಂಗ್‌ಗೆ ಹಾಕಿ. ಸಿಗ್ನಲ್ ಇಲ್ಲದ ಕಾಡು, ಮರುಭೂಮಿಗೆ ಹೋಗುವವರು ಏನನ್ನೂ ನಂಬಿ ನಾಯಿಯನ್ನು ಒಳಗೆ ಬಿಟ್ಟು ಹೋಗಬೇಡಿ. ಇದನ್ನು ಬರೆಯುವಾಗ ಮನಸ್ಸು ಗಟ್ಟಿ ಮಾಡಿಕೊಂಡೇ ಬರೆದಿದ್ದೇನೆ.

ನಾವು ಈಗ ಎರಡು ಇಟ್ಟುಕೊಂಡಿದ್ದೇವೆ: ಸಿಮ್ ಮಾನಿಟರ್ ಒಂದು, 12 ವೋಲ್ಟ್ ರೂಟರ್ ಮೇಲೆ ವೈಫೈ ಸೆನ್ಸರ್ ಒಂದು. ಎರಡರ ನೆಟ್‌ವರ್ಕ್ ಬೇರೆ ಬೇರೆ ಕಂಪನಿಯದು. ಒಂದು ಸುಮ್ಮನಾದರೆ ಇನ್ನೊಂದು ಮಾತಾಡುತ್ತದೆ.

ಊರಿಗೆ ಹೋಗುವಾಗ ಇದನ್ನೇ ತಗೊಂಡು ಹೋಗಿ ಬೆಂಗಳೂರಿನ ಅಣ್ಣನ ವ್ಯಾನಿಗೆ ಹಾಕಲಾ ಅಂತ ಒಬ್ಬರು ಕೇಳಿದರು. ಸಿಮ್ ಮಾನಿಟರಿನ ಚಂದಾ ಅಮೆರಿಕದ ನೆಟ್‌ವರ್ಕಿಗೆ. ಅಮೆರಿಕದ ಲೋರಾ ಸೆನ್ಸರ್ 915 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಓಡುತ್ತದೆ, ಭಾರತದಲ್ಲಿ ಅದಕ್ಕೆ ಕೊಟ್ಟಿರುವ ಪಟ್ಟಿ 865ರ ಆಸುಪಾಸಿನದು. ಎರಡೂ ಬೇಡ. ವೈಫೈ ಸೆನ್ಸರ್ ಮಾತ್ರ ಅಲ್ಲಿನ ಹಾಟ್‌ಸ್ಪಾಟ್ ಜೊತೆ ನಡೆಯುತ್ತದೆ.

ಕೊನೆಗೆ ಬಾಗಿಲಿನ ವಿಷಯ. ಸಾಕುಪ್ರಾಣಿಯನ್ನು ಒಂಟಿಯಾಗಿ ಬಿಡಬಾರದು ಎಂಬ ನಿಯಮ ಎಷ್ಟೋ ಕ್ಯಾಂಪ್‌ಗ್ರೌಂಡ್‌ಗಳಲ್ಲಿದೆ, ಬುಕ್ ಮಾಡುವಾಗಲೇ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ 2017ರಿಂದ, ವಾಹನದಲ್ಲಿ ಪ್ರಾಣಿ ಅಪಾಯದಲ್ಲಿದ್ದರೆ ಪೊಲೀಸರಿಗೆ ಫೋನ್ ಮಾಡಿ, ಬೇರೆ ದಾರಿ ಇಲ್ಲದಾಗ ಯಾರು ಬೇಕಾದರೂ ಒಳನುಗ್ಗಿ ಕಾಪಾಡಬಹುದು. ಅಂಥವರು ಬಂದರೆ ನನಗೆ ಸಂತೋಷವೇ, ಆದರೆ ಅವರಿಗೆ ಸರಿಯಾದ ವಿಷಯ ಗೊತ್ತಿರಬೇಕು. ಅದಕ್ಕೆ ನಮ್ಮ ಬಾಗಿಲಿನ ಗಾಜಿಗೆ ಒಳಗಿನಿಂದ ಒಂದು ಚೀಟಿ ಅಂಟಿಸಿದ್ದೇವೆ. ಒಳಗೆ ಕೆಂಚ ಎಂಬ ನಾಯಿ ಇದೆ, ಏಸಿ ಓಡುತ್ತಿರಬೇಕು, ಪಕ್ಕದ ಥರ್ಮಾಮೀಟರ್ 80 ದಾಟಿದ್ದರೆ ಈ ಎರಡು ನಂಬರಿಗೆ ಫೋನ್ ಮಾಡಿ, ಬಾಗಿಲಿನ ಕೋಡ್ ಹೇಳುತ್ತೇವೆ. ಚೀಟಿಯ ಪಕ್ಕದಲ್ಲೇ, ಹೊರಗಿನಿಂದ ಓದಲು ಆಗುವ ಹಾಗೆ, ಆ ಹಳೇ ಮುಳ್ಳಿನ ಥರ್ಮಾಮೀಟರನ್ನು ತೂಗಿಹಾಕಿದ್ದೇವೆ. ಪಕ್ಕದ ಸೈಟಿನಲ್ಲಿ ಯಾರು ಇಳಿದಿದ್ದರೂ ಹೊರಡುವ ಮುಂಚೆ ಹೋಗಿ ಅವರಿಗೆ ಕೆಂಚನನ್ನು ತೋರಿಸಿ ಬರುತ್ತೇನೆ.